ಮೂರನೆಯ ಸಲ ಹೇಳಿದ್ದು

ಅವರ ಬಲಗೈ ನಡುಬೆರಳಿನ ಮೇಲೆ, ಉಗುರಿನ ಪಕ್ಕದಲ್ಲೇ, ಹುಣಸೆಬೀಜದಷ್ಟು ದಪ್ಪದ ಒಂದು ಗಂಟಿತ್ತು. ಪೆನ್ನು ಒತ್ತಿ ಒತ್ತಿ ಎದ್ದ ಗಂಟು. ಅದರ ಚರ್ಮ ಗಡುಸಾಗಿ, ನೀಲಿ ಮಸಿ ಒಳಗಿಳಿದು, ಎಷ್ಟು ತಿಕ್ಕಿ ತೊಳೆದರೂ ಬಣ್ಣ ಬಿಡುತ್ತಿರಲಿಲ್ಲ. ಚಹಾ ಕುಡಿಯುವಾಗ ಬಸಿ ಹಿಡಿದ ಕೈಯಲ್ಲಿ ಆ ಒಂದು ಬೆರಳನ್ನು ಮಾತ್ರ ದೂರ ಚಾಚಿಕೊಂಡಿರುತ್ತಿದ್ದರು. ಯಾಕೆಂದು ಕೇಳಿದರೆ, "ಇದು ನಮ್ಮನಿ ಯಜಮಾನ. ಇದಕ್ಕ ಬಿಸಿ ತಾಗಬಾರದು" ಎನ್ನುತ್ತಿದ್ದರು.

ಶಹಾಪುರದ ತಹಸೀಲ್ ಕಚೇರಿಯ ಕಾಂಪೌಂಡಿಗೆ ಹತ್ತಿಕೊಂಡಿದ್ದ ಬೇವಿನ ಗಿಡದ ಕೆಳಗೆ ಅವರದೊಂದು ಮೇಜು, ಒಂದು ತಗಡಿನ ಪೆಟ್ಟಿಗೆ, ಬಂದವರಿಗೆ ಕೂರಲು ಒಂದು ಬೆಂಚು. ಬರೆಯಲು ಬಾರದವರಿಗೆ, ಬರೆಯಲು ಬಂದರೂ ಸರಕಾರಕ್ಕೆ ಬರೆಯಲು ಹೆದರುವವರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ನಿಜಾಮರ ಕಾಲದಲ್ಲಿ ಇಂಥವರಿಗೆ ಮುನ್ಶಿ ಅನ್ನುತ್ತಿದ್ದರಂತೆ. ಕಾಲ ಹೋಯಿತು, ಹೆಸರು ಉಳಿಯಿತು. ಸಾಹೇಬರಿಂದ ಹಿಡಿದು ಮಿರ್ಚಿ ಭಜಿ ಮಾರುವವಳ ತನಕ ಎಲ್ಲರಿಗೂ ಅವರು ಮುನ್ಶಿ ಚಾಚಾ. ನನಗೂ ಅಷ್ಟೇ.

ದಿನಾ ಸುರಪುರದಿಂದ ಬಸ್ಸಿಗೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದರ ಜೇಬಿನಲ್ಲಿ ಸಾಲಾಗಿ ನಾಲ್ಕು ಪೆನ್ನು. ಮಜಾ ಎಂದರೆ ಆ ನಾಲ್ಕರಲ್ಲಿ ಒಂದನ್ನೂ ಅವರು ಹೊರಗೆ ತೆಗೆದದ್ದನ್ನು ನಾನು ನೋಡಿರಲಿಲ್ಲ. ಬರೆಯುವ ಪೆನ್ನು ಪೆಟ್ಟಿಗೆಯಲ್ಲಿರುತ್ತಿತ್ತು. ಇವು ಬರೀ ಶೋಕಿಗೆ ಎಂದು ನನ್ನ ಲೆಕ್ಕ. ಮುದುಕರಿಗೂ ಒಂದಿಷ್ಟು ಡೌಲು ಇರಬೇಕಲ್ಲ ಎಂದುಕೊಂಡಿದ್ದೆ. ಡೌಲು ಅವರಿಗೆ ಇದ್ದೇ ಇತ್ತು. ತಮ್ಮ ಅಕ್ಷರದ ಮೇಲೆ, ಸುರಪುರದ ನೀರಿನ ಮೇಲೆ, ಎದುರಿಗಿದ್ದ ಎರಡು ಆನ್‌ಲೈನ್ ಸೆಂಟರ್‌ಗಳು ತಮ್ಮನ್ನು ಏನೂ ಮಾಡಲಾಗಲಿಲ್ಲ ಎಂಬುದರ ಮೇಲೆ. ಸೆಂಟರಿನ ಹುಡುಗರು ಎಲ್ಲ ಫಾರಂ ತುಂಬಿ, ಕೊನೆಗೆ 'ವಿವರಣೆ' ಎಂಬ ಖಾನೆ ಬಂದ ಕೂಡಲೇ ಜನರನ್ನು ಇವರ ಬೆಂಚಿಗೆ ಅಟ್ಟುತ್ತಿದ್ದರು. "ಮಷಿನ್‌ಗಿ ಹೆಸರು ಕೇಳಾಕ ಬರ್ತದ, ಊರು ಕೇಳಾಕ ಬರ್ತದ. ಏನಾತಪಾ ನಿನಗ ಅಂತ ಕೇಳಾಕ ಬರಂಗಿಲ್ಲ ನೋಡು" ಎಂದು ಚಾಚಾ ಮೀಸೆಯಲ್ಲಿ ನಗುತ್ತಿದ್ದರು.

ನಾನು ಅವರ ಬೆಂಚಿಗೆ ಬಂದು ಕೂತದ್ದು ನಾಚಿಕೆ ಬಿಟ್ಟು ಹೇಳಬೇಕಾದ ಸಂಗತಿ. ನಾನು ಕತೆ ಬರೆಯುವವಳು. ಎರಡು ಸಂಕಲನ ಬಂದಿದ್ದವು. ಯಾದಗಿರಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕನ್ನಡ ಪಾಠ ಹೇಳುತ್ತಿದ್ದೆ. ನೋವಿಲ್ಲದೆ ಬರಹ ಹುಟ್ಟುವುದಿಲ್ಲ ಎಂದು ಮಕ್ಕಳ ಮುಂದೆ ಕೈ ಎತ್ತಿ ಭಾಷಣ ಮಾಡಿದವಳೂ ನಾನೇ. ನನ್ನ ಗಂಡ ತಹಸೀಲ್ ಕಚೇರಿಯಲ್ಲಿ ಗುಮಾಸ್ತ. ಅವರಿಗೆ ಶಹಾಪುರಕ್ಕೆ ವರ್ಗವಾಯಿತು, ನಾನು ಕೆಲಸ ಬಿಟ್ಟು ಜೊತೆಗೆ ಬಂದೆ. ನಮ್ಮೊಂದಿಗೇ ಇದ್ದ ಅವ್ವ ಆ ಮಳೆಗಾಲದಲ್ಲಿ ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ಆಮೇಲೆ ನನಗೆ ಮೊದಲು ನಿದ್ದೆ ಹೋಯಿತು, ನಂತರ ಹಸಿವು, ಕೊನೆಗೆ ಬರವಣಿಗೆ. ಶಹಾಪುರದ ಗುಡ್ಡ ಬುದ್ಧ ಮಲಗಿದಂತೆ ಕಾಣುತ್ತದೆಂದು ಜನ ದೂರದಿಂದ ನೋಡಲು ಬರುತ್ತಾರೆ. ನಮ್ಮ ಮಾಳಿಗೆಯಿಂದ ದಿನಾ ಕಾಣುತ್ತಿದ್ದ ಆ ಗುಡ್ಡದ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವನಿಗಾದರೂ ನಿದ್ದೆ ಬಂದಿದೆಯಲ್ಲ ಎಂದು.

ಯಾದಗಿರಿಯ ದೊಡ್ಡ ಆಸ್ಪತ್ರೆಯಲ್ಲಿ ಮನೋರೋಗದ ಡಾಕ್ಟರಿಗೆ ತೋರಿಸಿದ್ದೆವು. ಗುಳಿಗೆ ಕೊಟ್ಟಿದ್ದರು. ಒಂದು ವಾರ ನುಂಗಿದೆ. ನಿದ್ದೆಯೇನೋ ಬಂತು, ಆದರೆ ತಲೆಯೊಳಗೆ ಹತ್ತಿ ತುರುಕಿದ ಹಾಗಾಯಿತು. ಕಾಗದದ ಮುಂದೆ ಕೂತರೆ ಒಂದು ಶಬ್ದವೂ ಇಲ್ಲ. ನನಗೆ ಭಯ ಹತ್ತಿತು. ದುಃಖದ ಜೊತೆಗೆ ಈ ಗುಳಿಗೆ ನನ್ನ ಬರವಣಿಗೆಯನ್ನೂ ಒರೆಸಿಬಿಡುತ್ತದೆ, ಆಮೇಲೆ ನಾನು ಉಳಿದು ಏನು ಮಾಡಬೇಕು ಎಂದು. ಗಂಡ ನೀರು ಕೊಟ್ಟು ಆ ಕಡೆ ತಿರುಗಿದ ಕೂಡಲೇ ಗುಳಿಗೆಯನ್ನು ಬಾಯಿಂದ ತೆಗೆದು ತುಳಸಿ ಕಟ್ಟೆಯ ಮಣ್ಣಲ್ಲಿ ಒತ್ತಲು ಶುರುಮಾಡಿದೆ. ತುಳಸಿ ಬಾಡಿತು. ನಾನೂ ಚೇತರಿಸಿಕೊಳ್ಳಲಿಲ್ಲ.

ಆ ಹೊತ್ತಿಗೆ ಅವ್ವನ ಮರಣ ಪ್ರಮಾಣಪತ್ರ ಬಂತು. ಅರವತ್ತೆರಡರ ಅವ್ವನಿಗೆ ಅದರಲ್ಲಿ ಎಪ್ಪತ್ತೆರಡು ಎಂದು ಬರೆದಿದ್ದರು. ತಿದ್ದಲು ಒಂದು ಅರ್ಜಿ ಬೇಕು. ನಾಲ್ಕು ಸಾಲಿನ ಅರ್ಜಿ. ನಾನು ಎರಡು ದಿನ ಕೂತೆ. 'ಮಾನ್ಯರೇ' ಎಂದು ಬರೆದು ಮುಂದೆ ಹೋಗಲಾಗಲಿಲ್ಲ. ಗಂಡ ಬರೆದುಕೊಡುತ್ತೇನೆಂದರೆ ಅವರ ಮೇಲೆಯೇ ಹರಿಹಾಯ್ದೆ. ಮೂರನೆಯ ದಿನ ಕಾಗದ ಹಿಡಿದುಕೊಂಡು ಮುನ್ಶಿ ಚಾಚಾರ ಬೆಂಚಿಗೆ ಹೋದೆ.

"ಹೇಳ್ರಿ" ಎಂದರು. ಪೆನ್ನಿನ ಟೊಪ್ಪಿಗೆ ತೆಗೆಯಲಿಲ್ಲ.

ಹೇಳಿದೆ. ಜ್ವರ ಬಂದಾಗ ಬೇಗ ನೋಡದ ಡಾಕ್ಟರು, ಮೂರು ದಿನಕ್ಕೇ ವಾಪಸ್ಸು ಹೋದ ಅಣ್ಣಂದಿರು, ವಯಸ್ಸು ತಪ್ಪು ಬರೆದ ಗುಮಾಸ್ತ, ಎಲ್ಲರನ್ನೂ ಬೈದೆ.

"ಆತು. ಮತ್ತೊಮ್ಮಿ ಹೇಳ್ರಿ."

ಕಿವಿ ಮಂದವೇನೋ ಎಂದುಕೊಂಡೆ. ಮತ್ತೆ ಹೇಳಿದೆ. ಈ ಸಲ ಬಿಗಿಯಾಗಿ, ಕಾಯ್ದೆ ಬಲ್ಲವಳಂತೆ, ಗಂಡ ಹೇಳಿಕೊಟ್ಟಿದ್ದ ಮಾತುಗಳಲ್ಲಿ.

"ಛಲೋ. ಇನ್ನೊಮ್ಮಿ ಹೇಳ್ರಿ."

"ಎಷ್ಟು ಸಲ ಹೇಳ್ಬೇಕ್ರಿ?" ಎಂದು ರೇಗಿದೆ.

"ಮೂರ್ ಸಲ್ರಿ ಅಮ್ಮಾ. ನನ್ನ ಕಡಿ ಎಲ್ಲಾರಿಗೂ ಮೂರ್ ಸಲ. ಮೊದಲ್ನೇದು ಸಿಟ್ಟು ಹೇಳ್ತದ. ಎರಡನೇದು ಮಂದಿ ಕಲಿಸಿದ್ದು. ಮೂರನೇದು ಬಂತಂದ್ರ ಅದು ನಿಮ್ದು. ಅದನ್ನ ನಾ ಬರೀತೀನಿ."

ಮೂರನೆಯ ಸಲಕ್ಕೆ ನಾನು ಬಾಯಿ ತೆರೆದೆ. "ನಮ್ಮವ್ವ" ಎಂದೆ, ಅಷ್ಟೇ. ಮುಂದಿನದು ಬರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಇಬ್ಬರು ರೈತರು ನೆಲ ನೋಡತೊಡಗಿದರು. ಚಾಚಾ ಅವಸರ ಮಾಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ಪ್ರಮಾಣಪತ್ರವನ್ನು ಪೆಟ್ಟಿಗೆಯ ತಳದಲ್ಲಿ, ಪ್ಲಾಸ್ಟಿಕ್ ಹಾಳೆಯ ಕೆಳಗೆ ಇಟ್ಟುಕೊಂಡು, "ಇವತ್ತ ಆಗಂಗಿಲ್ಲ. ಇದು ಇಲ್ಲೇ ಇರ್ಲಿ. ಬಂದು ಹೋಗಿ ಮಾಡ್ಕೋತ ಇರ್ರಿ, ಯಾವತ್ತರ ಆಗ್ತದ" ಎಂದರು.

ಅದೊಂದು ನೆಪವಾಯಿತು. ದಿನಾ ಹತ್ತೂವರೆಗೆ ಹೋಗಿ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಮನೆಯಲ್ಲಿ ಒಬ್ಬಳೇ ಗೋಡೆ ನೋಡುವುದಕ್ಕಿಂತ ಅದು ವಾಸಿ. ರಾಮಸಮುದ್ರದಿಂದ ಒಬ್ಬ ಮುದುಕ ನಂಟರ ಜಮೀನಿನ ತಕರಾರು ಹಿಡಿದುಕೊಂಡು ಬಂದ. ಅದು ಯಾದಗಿರಿ ತಾಲೂಕು, ಇಲ್ಲಿ ನಡೆಯುವುದಿಲ್ಲ ಎಂದು ಚಾಚಾ ಅವನಿಗೆ ಮೊದಲೇ ಹೇಳಬಹುದಿತ್ತು. ಮೂರು ಸಲ ಕೇಳಿದ ಮೇಲೆ ಹೇಳಿದರು. ಯಾಕೆ ಚಾಚಾ ಎಂದರೆ, "ಅಷ್ಟು ದೂರದಿಂದ ಬಂದಾನ. ಹೇಳಿಕೊಂಡರ ಹೋಗ್ಲಿ" ಎಂದರು. ಆ ಮುದುಕ ಹಗುರಾಗಿಯೇ ಹೋದ. ನನಗೆ ಮಾತ್ರ ಆ ಹೊತ್ತಿಗೆ ಚಾಚಾ ಕೆಲಸವಿಲ್ಲದ ಮನುಷ್ಯ ಅನ್ನಿಸಿತು.

ಮಾತು ಕಡಿಮೆ ಮಾಡಿ ಬರೆಯುವುದರಲ್ಲಿ ಅವರದು ಜಿಪುಣತನ. 'ತಮ್ಮ ಪಾದಕ್ಕೆ ಬಿದ್ದು' ಎಂದು ಬರೆಯಿರಿ ಎಂದು ಯಾರಾದರೂ ಗೋಗರೆದರೆ, "ಅವರ ಪಾದಕ್ಕ ಬೂಟ ಅದಾವು, ಗೊತ್ತಾಗಂಗಿಲ್ಲ" ಎಂದು ಮುಂದಕ್ಕೆ ಹೋಗುತ್ತಿದ್ದರು. ಬರೆದ ಮೇಲೆ ಗಟ್ಟಿಯಾಗಿ ಓದುವರು. ಓದಿ ಮುಗಿಸಿ ಕೇಳುವ ಮಾತು ಒಂದೇ, "ಇದು ನಿಮ್ಮ ಮಾತೇನ್ರಿ?" ಬಂದವರು ಹೌದು ಎಂದರೆ ಮಾತ್ರ ಸಹಿ, ಇಲ್ಲವೇ ಹೆಬ್ಬೆಟ್ಟು. ಅಲ್ಲ ಎಂದರೆ ಚಾಚಾ ಬೇಸರಿಸದೆ ಹರಿದುಹಾಕಿ ಇನ್ನೊಂದು ಹಾಳೆ ತೆಗೆಯುತ್ತಿದ್ದರು.

ಚಳಿಗಾಲದಲ್ಲಿ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಬರೆಯುವಂತಿಲ್ಲ. ಐದನೆಯ ದಿನಕ್ಕೇ ಕಪ್ಪು ಕನ್ನಡಕ ಹಾಕಿಕೊಂಡು ಬಂದು ಮೇಜಿನ ಹಿಂದೆ ಕೂತು ನನ್ನನ್ನು ಕರೆದರು. "ಬೇಟಿ, ಬೆಂಚ್ ಕಾಯೋದು ಸಾಕು. ಈ ಕಡಿ ಬಾ. ನಾ ಹೇಳ್ತೀನಿ, ನೀ ಬರಿ." ಅಮ್ಮಾ ಹೋಗಿ ಬೇಟಿ ಆದದ್ದು ಅವತ್ತು. ನಾನು ಬರೆಯಲಾರೆ ಎಂದೆ. "ನಿನ್ನ ಮಾತು ಯಾರು ಕೇಳ್ಯಾರ? ಅವರ ಮಾತು ಬರಿ" ಎಂದರು. ಬರೆದೆ. ಬೇರೆಯವರ ಮಾತನ್ನು, ಚಾಚಾರ ಬಾಯಿಂದ ಇಳಿದ ಹಾಗೆ. ಕೈಗೆ ಪೆನ್ನಿನ ರೂಢಿ ಮತ್ತೆ ಹತ್ತಿತು. ಮನಸ್ಸು ಇನ್ನೂ ಹೊರಗೇ ಇತ್ತು.

ಆಗ ನಾನೊಂದು ತಪ್ಪು ಮಾಡಿದೆ. ಕತೆಗಾರರು ಮಾತ್ರ ಮಾಡಬಹುದಾದ ತಪ್ಪು.

ಚಾಚಾ ನಮಾಜಿಗೆ ಹೋಗಿದ್ದರು. ಶಿರವಾಳದಿಂದ ಒಬ್ಬ ಹೆಂಗಸು ಬಂದಳು, ಕೂಲಿ ಮಾಡುವವಳು. ಓಣಿಗೆಲ್ಲ ನಲ್ಲಿ ಬಂದಿದೆ, ತನ್ನ ಮನೆಗೆ ಮಾತ್ರ ಬಂದಿಲ್ಲ ಎಂದು ಸಿಟ್ಟಿನಿಂದ ಹೇಳಿದಳು. ಒಂದೇ ಸಲ ಹೇಳಿದಳು. ನನಗೆ ಏನಾಯಿತೋ, ಪೆನ್ನು ತೆರೆದೆ. ತಿಂಗಳುಗಟ್ಟಲೆ ಬಾರದಿದ್ದ ಶಬ್ದಗಳು ಧಾರಾಳವಾಗಿ ಬಂದವು. ಬಿರುಕು ಬಿಟ್ಟ ಕೊಡ, ಬಾಯಾರಿದ ಹೊಸ್ತಿಲು, ಪಕ್ಕದ ಮನೆಯ ನಲ್ಲಿಯ ಸದ್ದಿಗೆ ಎಚ್ಚರಾಗುವ ಕೂಸು. ಒಂದೂವರೆ ಪುಟ. ಬರೆಯುತ್ತ ನನ್ನ ಮೈ ಬಿಸಿಯಾಯಿತು. ಬಂತು, ಮರಳಿ ಬಂತು, ಗುಳಿಗೆ ಬಿಟ್ಟದ್ದಕ್ಕೇ ಬಂತು ಎಂದುಕೊಂಡೆ.

ಚಾಚಾ ಬಂದು ಕೂತರು. ನಾನೇ ಗಟ್ಟಿಯಾಗಿ ಓದಿದೆ. ದನಿ ಸ್ವಲ್ಪ ನಡುಗಿತು ಕೂಡ. ಆ ಹೆಂಗಸು ಸೆರಗಿನ ತುದಿ ಬಾಯಿಗೆ ಹಿಡಿದು ಪೂರ್ತಿ ಕೇಳಿದಳು. ಕಣ್ಣಲ್ಲಿ ನೀರು ಬಂದಿತ್ತು.

"ಭಾಳ ಚಂದ ಅದರಿ ಅಕ್ಕಾರ" ಎಂದಳು. "ಪಾಪ. ಇದು ಯಾರ ಕತಿರಿ?"

ಅವಳು ಕುಹಕ ಮಾಡಲಿಲ್ಲ. ನಿಜಕ್ಕೂ ಕೇಳಿದಳು. ಬೆಂಚಿನ ಮೇಲಿದ್ದವರು ನಕ್ಕರು. ಚಾಚಾ ನಗಲಿಲ್ಲ. ಅವಳನ್ನು ಹತ್ತಿರ ಕೂರಿಸಿಕೊಂಡು ಮತ್ತೆರಡು ಸಲ ಹೇಳಿಸಿದರು. ಮೂರನೆಯ ಸಲಕ್ಕೆ ಅವಳು ತಗ್ಗಿದ ದನಿಯಲ್ಲಿ ಹೇಳಿದ್ದು ಬೇರೆಯೇ ಆಗಿತ್ತು. "ನೀರಿಂದೇನಿಲ್ರೀ ಚಾಚಾ, ಮಂದಿ ಕೊಡ್ತಾರ. ದಿನಾ ಕೇಳಬೇಕಲ್ಲರಿ. ಅವರ ದನದ್ದೂ ಆದ ಮ್ಯಾಲ ನನಗ ಬಿಡ್ತಾರ. ಕೇಳಾಕ ನಾಚಿಕಿ ಬರ್ತದ." ಚಾಚಾ ಹೇಳಿದರು, ನಾನು ತಲೆ ಎತ್ತದೆ ಬರೆದೆ: 'ನಮ್ಮ ಓಣಿಯಲ್ಲಿ ಹನ್ನೆರಡು ಮನೆಗಳಿವೆ. ಹನ್ನೊಂದಕ್ಕೆ ನಲ್ಲಿ ಬಂದಿದೆ. ನನ್ನದು ಹನ್ನೆರಡನೆಯದು. ನಾನು ದಿನಾ ಹನ್ನೊಂದನೆಯ ಮನೆಯಲ್ಲಿ ಕೇಳಿ ನೀರು ತರುತ್ತೇನೆ. ಅವರ ದನ ಕುಡಿದ ಮೇಲೆ ನನಗೆ ಸಿಗುತ್ತದೆ.' ಓದಿದಾಗ ಅವಳು, "ಹೌದ್ರಿ, ಇದು ನಂದು" ಎಂದು ಹೆಬ್ಬೆಟ್ಟು ಒತ್ತಿದಳು.

ನಾನು ಮನೆಗೆ ಬಂದು ಮಲಗಿದವಳು ಏಳಲಿಲ್ಲ. ಎಂಟು ದಿನ. ಗುಳಿಗೆ ನುಂಗಿದಾಗ ಶಬ್ದವೇ ಬರುತ್ತಿರಲಿಲ್ಲ, ಬಿಟ್ಟಾಗ ಸುಳ್ಳು ಶಬ್ದ ಬಂತು. ಅಂದರೆ ನನ್ನೊಳಗೆ ಉಳಿದದ್ದೇನೂ ಇಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಓಣಿಯವರು ಬಂದು ಬಂದು ಹೋದರು. ಸೋಮಾರಿತನ ಅಂದರು, ದೃಷ್ಟಿ ಅಂದರು, ಅಬ್ಬೆತುಮಕೂರಿನ ಮಠಕ್ಕೆ ಐದು ಅಮಾವಾಸ್ಯೆ ನಡೆದುಕೊಂಡರೆ ಸರಿಹೋಗುತ್ತದೆ ಅಂದರು. ಗಂಡ ಬಾಡಿದ ಮುಖ ಹೊತ್ತು ಕಚೇರಿಗೆ ಹೋಗಿಬರುತ್ತಿದ್ದರು. ಅವರನ್ನು ನೋಡಿದರೆ, ನಾನು ಇಲ್ಲದಿದ್ದರೆ ಇವರಾದರೂ ನೆಮ್ಮದಿಯಾಗಿರುತ್ತಾರೆ ಎಂಬ ಯೋಚನೆ ಬರುತ್ತಿತ್ತು. ಅದು ಎಂಥ ಯೋಚನೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗಂಡನ ಜೊತೆ ಚಾಚಾ ಬಂದರು. ಕೈಯಲ್ಲಿ ತಗಡಿನ ಪೆಟ್ಟಿಗೆ. ಆ ಪೆಟ್ಟಿಗೆ ಬೇವಿನ ಗಿಡ ಬಿಟ್ಟು ಹಗಲು ಹೊತ್ತಿನಲ್ಲಿ ಎಲ್ಲಿಗೂ ಹೋದದ್ದಿಲ್ಲ. ಪಡಸಾಲೆಯಲ್ಲಿ ಕೂತರು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟರು, ಅದರ ಮೇಲೆ ಹಾಳೆ, ಹಾಳೆಯ ಮೇಲೆ ಟೊಪ್ಪಿಗೆ ತೆಗೆಯದ ಪೆನ್ನು.

"ಹೇಳು" ಎಂದರು.

"ಏನಂತ ಹೇಳ್ಲಿ ಚಾಚಾ?"

"ನನಗೇನ್ ಗೊತ್ತು? ಅರ್ಜಿ ನಿಂದು."

ಬೈದೆ. ಅವರನ್ನೇ ಮೊದಲು ಬೈದೆ, ಎಲ್ಲರೆದುರು ನನ್ನನ್ನು ನಗೆಪಾಟಲು ಮಾಡಿದಿರಿ ಎಂದು. ಶಿರವಾಳದವಳನ್ನು ಬೈದೆ, ವರ್ಗ ಮಾಡಿದ ಸರಕಾರವನ್ನು ಬೈದೆ, ಹೇಳದೆ ಕೇಳದೆ ಸತ್ತ ಅವ್ವನನ್ನೂ ಬೈದೆ. ಚಾಚಾ ಹೂಂಗುಟ್ಟಿದರು. "ಆತು. ಮತ್ತೊಮ್ಮಿ." ಓಣಿಯವರು ಹೇಳಿದ್ದನ್ನೆಲ್ಲ ಹೇಳಿದೆ. ಸೋಮಾರಿ ನಾನು, ಸೊಕ್ಕಿನವಳು ನಾನು, ಉಂಡು ಕೂತವರಿಗೆ ಬರುವ ರೋಗ ಇದು. "ಛಲೋ. ಇನ್ನೊಮ್ಮಿ."

ಗಂಡ ಬಾಗಿಲಲ್ಲಿ ನಿಂತಿದ್ದರು. ಮಜ್ಜಿಗೆ ಮಾರುವವನು ಕೂಗುತ್ತ ಹೋದ. ಕೊನೆಗೆ ನನ್ನ ಬಾಯಿಂದ ಬಂತು.

"ಗುಳಿಗಿ ನುಂಗಿದ್ರ ಬರಿಯೋದು ಹೋಗ್ತದ ಅಂತ ಅಂಜಿಕಿ ಚಾಚಾ. ಅದಕ್ಕ ಬಿಟ್ಟೀನಿ. ನುಂಗದಿದ್ರ ನಾನಽ ಹೋಗ್ತೀನಿ ಅಂತ ಈಗ ಅಂಜಿಕಿ ಬಂದದ."

ಗಂಡ ಗೋಡೆಗೆ ಒರಗಿದ್ದು ಕಂಡಿತು. ತುಳಸಿ ಯಾಕೆ ಬಾಡಿತೆಂದು ಅವರಿಗೆ ಆಗ ತಿಳಿಯಿತು.

ಚಾಚಾ ಹಾಳೆ ಮುಟ್ಟಲಿಲ್ಲ. ಜೇಬಿಗೆ ಕೈ ಹಾಕಿ ಆ ನಾಲ್ಕು ಪೆನ್ನುಗಳನ್ನು ಒಟ್ಟಿಗೆ ತೆಗೆದು ಪೆಟ್ಟಿಗೆಯ ಮೇಲಿಟ್ಟರು. ಆಮೇಲೆ ಜೇಬಿನ ತಳದಿಂದ ಒಂದು ಗುಳಿಗೆ ಪಟ್ಟಿ ತೆಗೆದರು. ನಾಲ್ಕು ಗುಳಿಗೆ ಖಾಲಿಯಾಗಿದ್ದವು, ಆರು ಉಳಿದಿದ್ದವು. ಪೆನ್ನುಗಳು ಶೋಕಿಗೆ ಇರಲಿಲ್ಲ. ತೆಳು ಬಿಳಿ ಅಂಗಿಯ ಜೇಬಿನಲ್ಲಿ ಪಟ್ಟಿ ಹೊರಗೆ ಕಾಣದ ಹಾಗೆ ಅವು ಪರದೆ ಕಟ್ಟಿದ್ದವು.

"ಮೂವತ್ತು ವರ್ಷದ ಮ್ಯಾಲ ಆತು" ಎಂದರು. "ಆಗ ನಾ ಹರೇದಾಂವ. ಏನೂ ಕಡಿಮಿ ಇರಲಿಲ್ಲ. ಯಾರೂ ಸತ್ತಿರಲಿಲ್ಲ, ಏನೂ ಹೋಗಿರಲಿಲ್ಲ. ಕಾರಣ ಇಲ್ಲ ಅನ್ನೋದಽ ಭಾಳ ನಾಚಿಕಿ ನೋಡು. ಮಂದೀಗಿ ಏನ್ ಹೇಳಬೇಕು? ಒಂದಿನ ಸುರಪುರದ ಗುಡ್ಡಕ್ಕ ಹೋಗಿ ಕುಂತೆ. ಹೊಳ್ಳಿ ಬರಬಾರದು ಅಂತ ಕುಂತಿದ್ದೆ. ನಿಮ್ಮ ಚಾಚಿ ಹುಡಿಕ್ಯಾಡಿ ಬಂದ್ಲು. ಬಯ್ಯಲಿಲ್ಲ, ಅಳಲಿಲ್ಲ. ಬಾಜೂಕ ಕುಂತು ಬುತ್ತಿ ಬಿಚ್ಚಿದ್ಲು. ಮರುದಿನ ದವಾಖಾನಿಗಿ ಕರಕೊಂಡು ಹೋದ್ಲು. ಅವತ್ತಿನಿಂದ ಇದು ನಡದದ. ನಡುವ ಎರಡ್ ಸಲ ಶಾಣ್ಯಾ ಆಗಿ ಬಿಟ್ಟು ನೋಡೀನಿ. ಎರಡೂ ಸಲ ಬಿದ್ದೀನಿ. ಆಕೀಗೊಬ್ಬಾಕೀಗಿ ಗೊತ್ತು. ಈಗ ನಿಮಗಿಬ್ಬರಿಗಿ."

ನಾನು ಪಟ್ಟಿಯನ್ನೇ ನೋಡುತ್ತಿದ್ದೆ. ಅವರು ಆ ಬೆರಳನ್ನು ನನ್ನ ಮುಖದ ಹತ್ತಿರ ತಂದರು.

"ಬರಿಯೋದು ಹೋಗ್ತದ ಅಂದೆಲ್ಲ, ಈ ಗಂಟು ನೋಡು. ಇದು ಎದ್ದದ್ದು ಗುಳಿಗಿ ಸುರು ಆದ ಮ್ಯಾಲ. ಅದಕ್ಕೂ ಮೊದಲ ನನ್ನ ಬೆರಳು ಹುಡುಗಿ ಬೆರಳ ಇದ್ದಂಗ ಇತ್ತು."

ಅಷ್ಟು ದಿನದಲ್ಲಿ ಮೊದಲ ಸಲ ನನಗೆ ನಗು ಬಂತು. ನಗುತ್ತ ಅಳು ಬಂತು. ಗಂಡ ಒಳಗೆ ಹೋಗಿ ಮೂವರಿಗೂ ಚಹಾ ಮಾಡಿ ತಂದರು. ಸಕ್ಕರೆ ಮರೆತಿದ್ದರು, ಯಾರೂ ಹೇಳಲಿಲ್ಲ.

"ಆದ್ರ ಒಂದು" ಎಂದರು ಚಾಚಾ, ಬಸಿ ಕೆಳಗಿಟ್ಟು. "ತಲಿ ಮಬ್ಬಾಗ್ತದ ಅಂತ ಡಾಕ್ಟರಿಗಿ ಹೇಳಿದ್ದೇನು? ಇಲ್ಲ. ತುಳಸಿಗಿ ಹೇಳೀದಿ. ತುಳಸಿ ಏನ್ ಔಷಧಿ ಬದಲು ಮಾಡ್ತದೇನು? ಡಾಕ್ಟರಿಗಿ ಒಂದು ಅರ್ಜಿ ಬರಿ."

ಪೆನ್ನನ್ನು ನನ್ನ ಕೈಗೆ ಕೊಟ್ಟರು. ತಾವು ಏನೂ ಹೇಳಿಕೊಡಲಿಲ್ಲ. ಆ ಅರ್ಜಿಯ ಒಂದೊಂದು ಮಾತೂ ನನಗೆ ನೆನಪಿದೆ. 'ಮಾನ್ಯ ಡಾಕ್ಟರೇ, ನಾನು ಕತೆ ಬರೆಯುತ್ತೇನೆ. ನೀವು ಕೊಟ್ಟ ಗುಳಿಗೆಯಿಂದ ನಿದ್ದೆ ಬಂತು. ಆದರೆ ಎಚ್ಚರವಿದ್ದಾಗಲೂ ಮಬ್ಬು ಇತ್ತು. ಹೆದರಿ ಬಿಟ್ಟೆ. ಮನೆಯಲ್ಲಿ ಸುಳ್ಳು ಹೇಳಿದೆ. ಈಗ ಸಾಯುವ ಯೋಚನೆ ಬರುತ್ತಿದೆ. ನನಗೆ ಬದುಕುವುದೂ ಬೇಕು, ಬರೆಯುವುದೂ ಬೇಕು. ಎರಡಕ್ಕೂ ದಾರಿ ಇದ್ದರೆ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.' ಓದಿದೆ. "ಇದು ನಿನ್ನ ಮಾತೇನು?" ಎಂದರು. ಹೌದು ಎಂದೆ. ಅದು ಅಷ್ಟು ತಿಂಗಳ ನಂತರ ನಾನು ಬರೆದ ಮೊದಲ ಬರಹ. ನನ್ನ ಎರಡೂ ಸಂಕಲನದಲ್ಲಿ ಅದಕ್ಕಿಂತ ಒಳ್ಳೆಯ ಸಾಲುಗಳಿವೆಯೆಂದು ನನಗೆ ಅನ್ನಿಸುವುದಿಲ್ಲ.

ಮರುದಿನವೇ ಮೂವರೂ ಯಾದಗಿರಿ ಬಸ್ಸು ಹತ್ತಿದೆವು. ಡಾಕ್ಟರು ಅರ್ಜಿ ಓದಿದರು, ಕನ್ನಡಕ ತೆಗೆದರು, ಇನ್ನೊಮ್ಮೆ ಓದಿದರು. "ಎಲ್ಲರೂ ಹೀಗೆ ಬರೆದು ತಂದರೆ ನನ್ನ ಅರ್ಧ ಕೆಲಸ ಆಗುತ್ತದೆ" ಎಂದರು. ಮಬ್ಬು ಮೊದಲ ವಾರಗಳಲ್ಲಿ ಕೆಲವರಿಗೆ ಬರುತ್ತದೆ, ಹೇಳಿದ್ದರೆ ಆಗಲೇ ಬದಲಿಸುತ್ತಿದ್ದೆ ಎಂದು ಬೇರೆ ಗುಳಿಗೆ ಬರೆದರು, ವಾರಕ್ಕೊಮ್ಮೆ ಬಂದು ಮಾತಾಡಬೇಕೆಂದರು. ಚಾಚಾ ಹೊರಗಿನ ಬೆಂಚಿನ ಮೇಲೆ ಯಾರದೋ ಗೋಳನ್ನು ಎರಡನೆಯ ಸಲ ಹೇಳಿಸಿಕೊಳ್ಳುತ್ತ ಕೂತಿದ್ದರು.

ಜಾದೂ ಏನೂ ಆಗಲಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಆದರೆ ಹತ್ತಿ ತುರುಕಿದ ಭಾವ ಹೋಯಿತು, ಬೇಸಿಗೆ ಮುಗಿಯುವ ಹೊತ್ತಿಗೆ ಜೋಳದ ರೊಟ್ಟಿಯ ರುಚಿ ಮತ್ತೆ ನಾಲಿಗೆಗೆ ಹತ್ತಿತು. ಒಂದು ಬೆಳಿಗ್ಗೆ ಬೇವಿನ ಗಿಡದ ಕೆಳಗೆ, ಯಾರೂ ಕೇಳದೆಯೇ, ನಾನು ಮೂರನೆಯ ಸಲ ಹೇಳಿದೆ. "ನಮ್ಮವ್ವಗ ಅರವತ್ತೆರಡು ಚಾಚಾ. ಇನ್ನೂ ಹತ್ತು ವರ್ಷ ಇರಬೇಕಾಗಿತ್ತು. ಆ ಹತ್ತು ವರ್ಷ ಆಕೀಗಿ ಸಿಕ್ಕಾವು ಅಂತ ಸರಕಾರ ಸುಳ್ಳು ಬರದದ." ಚಾಚಾ ಪೆಟ್ಟಿಗೆಯ ತಳದಿಂದ ಆ ಪ್ರಮಾಣಪತ್ರ ತೆಗೆದರು. ಕಣ್ಣು ಸರಿಹೋಗಿತ್ತು. ತಾವೇ ಬರೆದರು, ತಮ್ಮ ಡೌಲಿನ ಅಕ್ಷರದಲ್ಲಿ. ಅವ್ವ ಮತ್ತೆ ಅರವತ್ತೆರಡಕ್ಕೆ ಬಂದಳು.

ಒಂದು ಬದಲಾವಣೆ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಅವರು ನಮ್ಮ ಮನೆಗೆ ಬಂದುಹೋದ ಆ ದಿನದ ನಂತರ ಅವರ ಜೇಬಿನಲ್ಲಿ ಒಂದೇ ಪೆನ್ನು ಇರತೊಡಗಿತು. ಆ ಒಂದರಿಂದಲೇ ಬರೆಯುತ್ತಿದ್ದರು. "ಉಳಿದ ಮೂರು ಯಾರಿಗಿ ದಾನ ಮಾಡಿದ್ರಿ ಚಾಚಾ?" ಎಂದು ಚುಡಾಯಿಸಿದರೆ, "ಭಾರ ಆಗ್ತಿದ್ದವು ಬೇಟಿ" ಎನ್ನುತ್ತಿದ್ದರು. ಮುದುಕರಾದರು, ಡೌಲು ಇಳಿಯಿತು ಎಂದುಕೊಂಡೆ. ಪಟ್ಟಿಯ ಗುಟ್ಟು ಗೊತ್ತಿದ್ದೂ ಇದು ನನಗೆ ಹೊಳೆಯಲಿಲ್ಲ. ಕತೆ ಬರೆಯುವವಳು ನಾನು, ಕಣ್ಣೆದುರಿನದು ಕಾಣಿಸುವುದಿಲ್ಲ.

ಆಮೇಲೆ ನಾಲ್ಕು ವರ್ಷ ಅವರ ಮೇಜಿನ ಹತ್ತಿರ ಆಗಾಗ ಕೂತೆ. ಪುನಃ ಬರೆದೆ. ಈಗಿನ ನನ್ನ ಕತೆಗಳನ್ನು ಮೊದಲು ನನಗೆ ನಾನೇ ಮೂರು ಸಲ ಹೇಳಿಕೊಳ್ಳುತ್ತೇನೆ. ಹೆಚ್ಚಿನವು ಎರಡನೆಯದಕ್ಕೇ ಬಿದ್ದುಹೋಗುತ್ತವೆ. ಮೂರನೆಯ ಸಂಕಲನ ಬಂದಾಗ ಮೊದಲ ಪ್ರತಿ ಅವರಿಗೆ ಕೊಟ್ಟೆ. ಕೈಯಲ್ಲಿ ತೂಗಿ ನೋಡಿ, "ಮೊದಲಿನಕ್ಕಿಂತ ತೆಳ್ಳಗದ. ಛಲೋ ಆತು" ಎಂದರು. ಅದಕ್ಕಿಂತ ದೊಡ್ಡ ವಿಮರ್ಶೆ ನನಗೆ ಈವರೆಗೆ ಬಂದಿಲ್ಲ.

ಕಳೆದ ಚೈತ್ರದಲ್ಲಿ ಅವರು ಹೋದರು. ಬಸ್ಸಿಳಿದು ಮನೆಗೆ ಹೋಗಿ, ಕೈಕಾಲು ತೊಳೆದು, ಗೋಡೆಗೆ ಒರಗಿ ಕೂತವರು ಹಾಗೆಯೇ. ನಾನೂ ನನ್ನ ಗಂಡನೂ ಸುರಪುರಕ್ಕೆ ಹೋಗಿ ಮಣ್ಣು ಮುಗಿಸಿ ಬಂದೆವು. ನಲವತ್ತು ದಿನ ಕಳೆದ ಮೇಲೆ ಚಾಚಿ ಹೇಳಿಕಳಿಸಿದರು, ಒಂದು ಅರ್ಜಿ ಬರೆದುಕೊಡಬೇಕು ಎಂದು.

ಸಣ್ಣ ಮನೆ. ತಗಡಿನ ಪೆಟ್ಟಿಗೆ ಮೂಲೆಯಲ್ಲಿತ್ತು. ಚಾಚಿ ಅದನ್ನೇ ನನ್ನ ಮುಂದೆ ಸರಿಸಿದರು. ನಾನು ಅದರ ಮೇಲೆ ಹಾಳೆ ಇಟ್ಟೆ, ಪೆನ್ನಿನ ಟೊಪ್ಪಿಗೆ ತೆಗೆಯಲಿಲ್ಲ.

"ಹೇಳ್ರಿ ಚಾಚಿ."

ರೇಷನ್ ಕಾರ್ಡಿನಿಂದ ಚಾಚಾರ ಹೆಸರು ತೆಗೆಸಬೇಕಿತ್ತು. ಮೊದಲ ಸಲ ಚಾಚಿ ಅಂಗಡಿಯವನ ಮೇಲೆ ಹರಿಹಾಯ್ದರು. "ಎಲ್ಲಾರೂ ಬಂದು ಬೆರಳು ಒತ್ತಬೇಕು, ಮುನ್ಶಿ ಸಾಬರನ್ನ ಕರಕೊಂಡು ಬಾ ಅಂತಾನ. ಊರಿಗೆಲ್ಲ ಗೊತ್ತದ, ಇವನ ಮಷಿನ್‌ಗಿ ಗೊತ್ತಿಲ್ಲ!" ಎರಡನೆಯ ಸಲ ಮಗ ಹೇಳಿಕೊಟ್ಟದ್ದನ್ನು, ಯಾವ ಆಫೀಸು, ಯಾವ ಕಾಗದ ಎಂದು ವರದಿ ಒಪ್ಪಿಸಿದರು. ಮೂರನೆಯ ಸಲಕ್ಕೆ ಸೆರಗು ಸರಿಮಾಡಿಕೊಂಡು ಗೋಡೆಯಲ್ಲಿದ್ದ ಗೂಡಿನ ಕಡೆ ನೋಡಿದರು.

"ಇದು ಅರ್ಜಿಗಲ್ಲ. ನಿನಗ ಹೇಳ್ತೀನಿ" ಎಂದರು. "ಮೂವತ್ತು ವರ್ಷ ಆ ಗುಳಿಗಿ ಪಟ್ಟಿ ಈ ಮನಿಯಾಗ ಒಂದು ಜಾಗಾದಾಗ ಕುಂತಿಲ್ಲ. ಮಂದಿ ಬಂದ್ರ ಅಕ್ಕಿ ಡಬ್ಬಿಯಾಗ. ಮಗಗ ಕಾಣಬಾರದು ಅಂತ ನನ್ನ ಸೀರಿ ಮಡಿಕಿಯಾಗ. ಹೊರಗ ಹೋದ್ರ ಪೆನ್ನಿನ ಹಿಂದ. ಬಿಡ್ರಿ, ಏನಾಗ್ತದ ಅಂದ್ರ ಕೇಳ್ತಿರಲಿಲ್ಲ. ಒಂದಿನ ಶಹಾಪುರದಿಂದ ಬಂದವರಽ ಪಟ್ಟಿ ತಗದು ಅಗಾ ಆ ಗೂಡಿನಾಗ ಇಟ್ರು, ಕನ್ನಡಿ ಬಾಜೂಕ, ಬಂದವರಿಗೆಲ್ಲ ಕಾಣೂಹಂಗ. ಯಾಕ್ರಿ ಅಂದೆ. 'ಇವತ್ತ ನನ್ನ ಅರ್ಜೀನೂ ಆತು' ಅಂದ್ರು. ಅವತ್ತ ಅವರು ನಿಮ್ಮ ಮನಿಗಿ ಬಂದಿದ್ರಂತ."

ಗೂಡಿನಲ್ಲಿ ಕನ್ನಡಿಯ ಪಕ್ಕ ಆ ಪಟ್ಟಿ ಇನ್ನೂ ಇತ್ತು. ಎರಡು ಗುಳಿಗೆ ಉಳಿದಿದ್ದವು.

ಅವರು ನನ್ನನ್ನು ಉಳಿಸಲು ಬಂದಿದ್ದರೆಂದೇ ನಾನು ಅಷ್ಟು ವರ್ಷ ತಿಳಿದಿದ್ದೆ. ಊರವರ ಗೋಳನ್ನೆಲ್ಲ ಮೂರು ಮೂರು ಸಲ ಕೇಳಿದ ಆ ಮನುಷ್ಯನಿಗೆ ತನ್ನದನ್ನು ಒಂದು ಸಲ ಹೇಳಲು ಮೂವತ್ತು ವರ್ಷ ಬೇಕಾಯಿತು. ಹೇಳಿದ್ದು ನನ್ನ ಮುಂದೆ. ನಾನು ಅವರಿಗೆ 'ಇದು ನಿಮ್ಮ ಮಾತೇನ್ರಿ' ಎಂದು ಕೇಳಲೂ ಇಲ್ಲ. ಅದೊಂದು ನನ್ನಲ್ಲಿ ಉಳಿದಿದೆ.

ಪೆನ್ನು ತೆರೆದು ಬರೆದೆ. 'ನಮ್ಮ ಕಾರ್ಡಿನಲ್ಲಿ ನಾಲ್ಕು ಹೆಸರಿವೆ. ಈಗ ಮೂವರಿದ್ದೇವೆ. ನನ್ನ ಗಂಡ ತೀರಿಕೊಂಡಿದ್ದಾರೆ. ಅವರ ಹೆಸರು ತೆಗೆಯಬೇಕೆಂದು ಕೇಳಿಕೊಳ್ಳುತ್ತೇನೆ.' ಗಟ್ಟಿಯಾಗಿ ಓದಿದೆ.

"ಇದು ನಿಮ್ಮ ಮಾತೇನ್ರಿ?"

"ನಂದಽ ಅದ" ಎಂದರು ಚಾಚಿ. ಹೆಬ್ಬೆಟ್ಟು ಒತ್ತಿದರು.

ಮನೆಗೆ ಬಂದವಳೇ ಬೀರುವಿನೊಳಗೆ, ಬಟ್ಟೆಗಳ ಹಿಂದೆ ಇಟ್ಟಿದ್ದ ನನ್ನ ಗುಳಿಗೆ ಪಟ್ಟಿಯನ್ನು ತೆಗೆದೆ. ಪಡಸಾಲೆಯ ಗೂಡಿನಲ್ಲಿ, ಕನ್ನಡಿಯ ಪಕ್ಕಕ್ಕಿಟ್ಟೆ. ಮರುದಿನ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವಳು ಅದನ್ನು ನೋಡಿ, "ಇದು ಯಾರ್ದರಿ ಅಕ್ಕಾರ?" ಎಂದಳು.

"ನಂದರಿ" ಎಂದೆ. ಅವಳು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ತನ್ನ ತಂಗಿಯ ಬಗ್ಗೆ ಹೇಳತೊಡಗಿದಳು. ಅವಳು ಹೇಳಿ ಮುಗಿಸುವ ತನಕ ಸುಮ್ಮನೆ ಕೇಳಿದೆ. ಆಮೇಲೆ ಕುರ್ಚಿ ಎಳೆದು ಕೂರಿಸಿ, "ಮತ್ತೊಮ್ಮಿ ಹೇಳ್ರಿ" ಎಂದೆ.